ಮ್ಯಾಕಿಯವೆಲ್ಲಿಯ ‘ವಿರ್ತೂ’ ಇಂಗ್ಲಿಷ್‌ಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅರಸ ರಾಜ್ಯವನ್ನು ಹೇಗೆ ಗೆದ್ದು ಉಳಿಸಿಕೊಳ್ಳಬೇಕು ಅಂತ ಹೇಳುವ, ಇಟಲಿಯ ರಾಜಕೀಯ ಚಿಂತಕ ಮ್ಯಾಕಿಯವೆಲ್ಲಿಯ ‘ದಿ ಪ್ರಿನ್ಸ್’ ಅನ್ನು ಇಬ್ಬರು ಬೇರೆ ಬೇರೆ ಇಂಗ್ಲಿಷ್ ಅನುವಾದದಲ್ಲಿ ಓದಿ ಬಂದು ಮಾತಿಗೆ ಕೂತರೆ, ಇಬ್ಬರೂ ಒಂದೇ ಪುಸ್ತಕ ಓದಿದ್ದಾರೆ ಅಂತ ನಂಬುವುದೇ ಕಷ್ಟ. ಅದಕ್ಕೆ ಬಹುಪಾಲು ಕಾರಣ ಒಂದೇ ಒಂದು ಇಟಾಲಿಯನ್ ಪದ, ವಿರ್ತೂ. ಆ ಪುಟ್ಟ ಪುಸ್ತಕದಲ್ಲಿ ಅದು ಸುಮಾರು 60 ಸಲ ಬರುತ್ತದೆ. ಅದನ್ನು ಇಂಗ್ಲಿಷ್‌ಗೆ ಹೇಗೆ ತಂದರು, ಹೇಗೆ ತರಬೇಕಿತ್ತು ಎಂಬ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ವಿರ್ತೂ ಅಂದರೆ ಏನು? ಮೊದಲು ಚುಟುಕಾಗಿ ಹೇಳಿ.

ಕಸುವು, ಕೆಚ್ಚು, ಜಾಣ್ಮೆ, ಸಮಯ ನೋಡಿ ನಿರ್ಧಾರ ತೆಗೆದುಕೊಂಡು ಕೆಲಸ ಮುಗಿಸುವ ಛಾತಿ. ಇವೆಲ್ಲ ಸೇರಿದ್ದು ವಿರ್ತೂ. ಜೊತೆಗೆ, ಕೆಲವು ಕಡೆ ನಾವು ಒಳ್ಳೆಯ ಗುಣ ಅಂತ ಕರೆಯುವುದೂ ಅದೇ. ತೊಂದರೆ ಶುರುವಾಗುವುದು ಈ ‘ಜೊತೆಗೆ’ ಇಂದಲೇ.

ಹೇಗೆ ಉಚ್ಚರಿಸಬೇಕು?

ಒತ್ತು ಕೊನೆಯ ‘ತೂ’ ಮೇಲೆ. ಲ್ಯಾಟಿನ್‌ನ ‘ವಿರ್ತೂತೆಮ್’ ಸವೆದು ‘ವಿರ್ತೂತೆ’ ಆಯಿತು, ಅದೂ ಸವೆದು ‘ವಿರ್ತೂ’ ಆಯಿತು. ಬಾಲ ಹೋದರೂ ಒತ್ತು ತನ್ನ ಜಾಗದಲ್ಲೇ ಉಳಿಯಿತು. ಇಟಾಲಿಯನ್‌ನಲ್ಲಿ ಇದು ಸ್ತ್ರೀಲಿಂಗ. ಏಕವಚನಕ್ಕೂ ಬಹುವಚನಕ್ಕೂ ರೂಪ ಒಂದೇ. ಈ ಕೊನೆಯ ಮಾತು ನೆನಪಿರಲಿ, ಮುಂದೆ ರೋಮ್ ವಿರುದ್ಧ ಯುದ್ಧ ಮಾಡಿದ ಸೇನಾನಿ ಹ್ಯಾನಿಬಲ್ ವಿಷಯ ಬಂದಾಗ ಬೇಕಾಗುತ್ತದೆ.

ಪದದ ಬೇರು ಎಲ್ಲಿದೆ?

ಲ್ಯಾಟಿನ್‌ನಲ್ಲಿ ‘ವಿರ್’ ಅಂದರೆ ಗಂಡಸು. ಅದರಿಂದ ಹುಟ್ಟಿದ್ದು ‘ವಿರ್ತುಸ್’. ಮೊದಲ ಅರ್ಥ ರಣರಂಗದ ಧೈರ್ಯ. ರೋಮನ್ ವಾಗ್ಮಿ ಸಿಸೆರೊ ಇದನ್ನು ನೇರವಾಗಿಯೇ ಹೇಳುತ್ತಾನೆ: ವಿರ್ತುಸ್ ಎಂಬ ಹೆಸರು ವಿರ್‌ನಿಂದ ಬಂತು, ಗಂಡಸಿಗೆ ಎಲ್ಲಕ್ಕಿಂತ ಹೆಚ್ಚಾಗಿ ಸೇರಿದ್ದು ಧೈರ್ಯ. ರೋಮನ್ನರಿಗೆ ವಿರ್ತುಸ್ ಎಂಬ ದೇವತೆಯೂ ಇದ್ದಳು, ಅವಳಿಗೆ ಗುಡಿಯೂ ಇತ್ತು.

ಆಮೇಲೆ ಗ್ರೀಕ್ ತತ್ವಶಾಸ್ತ್ರ ರೋಮ್‌ಗೆ ಬಂತು. ಗ್ರೀಕರ ‘ಅರೆತೆ’ ಪದಕ್ಕೆ ಲ್ಯಾಟಿನ್‌ನಲ್ಲಿ ಏನು ಹೇಳೋಣ ಅಂದಾಗ ವಿರ್ತುಸ್ ಅನ್ನೇ ಆರಿಸಿಕೊಂಡರು. ಆದರೆ ಅರೆತೆ ಬರೀ ಧೈರ್ಯ ಅಲ್ಲ. ಯಾವುದೇ ವಸ್ತು ತನ್ನ ಕೆಲಸವನ್ನು ಚೆನ್ನಾಗಿ ಮಾಡುವಂತೆ ಮಾಡುವ ಹೆಚ್ಚುಗಾರಿಕೆ ಅದು. ಕುದುರೆಗೆ ಒಂದು ಅರೆತೆ, ಕಣ್ಣಿಗೆ ಒಂದು ಅರೆತೆ, ಮನುಷ್ಯನಿಗೆ ಒಂದು ಅರೆತೆ. ಹೀಗೆ ವಿರ್ತುಸ್‌ನ ಹರವು ಒಮ್ಮೆಗೇ ದೊಡ್ಡದಾಯಿತು.

ಮೂರನೆಯ ಪದರ ಚರ್ಚಿನದು. ವಿವೇಕ, ನ್ಯಾಯ, ಸ್ಥೈರ್ಯ, ಸಂಯಮ ಎಂಬ ನಾಲ್ಕಕ್ಕೆ ನಂಬಿಕೆ, ಭರವಸೆ, ಪ್ರೀತಿ ಎಂಬ ಮೂರನ್ನು ಕ್ರೈಸ್ತ ಪಂಡಿತರು ಸೇರಿಸಿದರು. ಇಲ್ಲಿಗೆ ಬರುವ ಹೊತ್ತಿಗೆ ಪದದಲ್ಲಿ ದೇವರ ಮುಂದೆ ತಲೆಬಾಗುವ ಗುಣವೂ ಸೇರಿತ್ತು.

1469ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಮ್ಯಾಕಿಯವೆಲ್ಲಿಗೆ ಈ ಮೂರೂ ಪದರಗಳು ಒಟ್ಟಿಗೇ ಸಿಕ್ಕವು. ಯೋಧನದು, ತತ್ವಜ್ಞಾನಿಯದು, ಪಾದ್ರಿಯದು. ಅವನು ಯಾವುದನ್ನೂ ಬಿಸಾಡಲಿಲ್ಲ. ಯಾವಾಗ ಯಾವುದನ್ನು ಮುಂದೆ ಮಾಡಬೇಕು ಅಂತ ಮಾತ್ರ ತಾನೇ ನಿರ್ಧರಿಸಿದ.

ನಮ್ಮ ‘ವೀರ’ ಪದಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ಇದೆ, ಅದೂ ರಕ್ತಸಂಬಂಧ. ಲ್ಯಾಟಿನ್‌ನ ‘ವಿರ್’ ಮತ್ತು ಸಂಸ್ಕೃತದ ‘ವೀರ’ ಒಂದೇ ಬೇರಿನವು ಅಂತ ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ವಿರ್‌ನಿಂದ ವಿರ್ತುಸ್ ಆದಂತೆ ವೀರದಿಂದ ‘ವೀರ್ಯ’ ಆಯಿತು. ಹಳೆಯ ಬಳಕೆಯಲ್ಲಿ ವೀರ್ಯ ಅಂದರೆ ಪರಾಕ್ರಮ. ಆಯುರ್ವೇದದಲ್ಲಿ ಮೂಲಿಕೆಯ ಶಕ್ತಿಗೂ ವೀರ್ಯ ಅಂತಲೇ ಹೆಸರು, ಉಷ್ಣ ವೀರ್ಯ, ಶೀತ ವೀರ್ಯ ಅನ್ನುತ್ತಾರಲ್ಲ, ಅದು. ಯುರೋಪಿನಲ್ಲೂ ಗಿಡಮೂಲಿಕೆಯ ಶಕ್ತಿಗೆ ವಿರ್ತುಸ್‌ನ ಮಕ್ಕಳನ್ನೇ ಬಳಸುತ್ತಿದ್ದರು. ಇವತ್ತು ಕನ್ನಡದ ಮಾತಿನಲ್ಲಿ ವೀರ್ಯದ ಅರ್ಥ ಒಂದೇ ಒಂದಕ್ಕೆ ಕುಗ್ಗಿದೆ. ಇಂಗ್ಲಿಷ್‌ನಲ್ಲಿ ‘ವರ್ಚ್ಯೂ’ ಪದಕ್ಕೆ ಆದದ್ದೂ ಇಂಥದ್ದೇ, ದಿಕ್ಕು ಮಾತ್ರ ಬೇರೆ.

ಮ್ಯಾಕಿಯವೆಲ್ಲಿಗೆ ಈ ಪದ ಯಾಕೆ ಇಷ್ಟು ಮುಖ್ಯವಾಯಿತು?

ಅವನು ಬೆಳೆದದ್ದೇ ರೋಮನ್ ಇತಿಹಾಸದ ನಡುವೆ. ಅವನ ಅಪ್ಪ ಬೆರ್ನಾರ್ದೊ, ಪ್ರಾಚೀನ ಇತಿಹಾಸಕಾರ ಲಿವಿಯ ರೋಮ್ ಇತಿಹಾಸದಲ್ಲಿ ಬರುವ ಊರುಗಳ ಹೆಸರಿಗೆ ಒಬ್ಬ ಮುದ್ರಕನಿಗಾಗಿ ಸೂಚಿ ಮಾಡಿಕೊಟ್ಟ. ಕೂಲಿಯಾಗಿ ಸಿಕ್ಕಿದ್ದು ಆ ಪುಸ್ತಕದ ಒಂದು ಪ್ರತಿ. ಮಗ ಮುಂದೆ ಲಿವಿಯ ಮೊದಲ ಹತ್ತು ಭಾಗಗಳ ಮೇಲೆ ‘ದಿಸ್ಕೋರ್ಸಿ’ ಎಂಬ ದೊಡ್ಡ ಗ್ರಂಥವನ್ನೇ ಬರೆದ. ಲಿವಿಯ ರೋಮನ್ನರು ಗೆಲ್ಲುವುದು ವಿರ್ತುಸ್‌ನಿಂದ.

ಇನ್ನೊಂದು ಕಡೆ ಅವನ ಸ್ವಂತ ಅನುಭವ. 1498ರಿಂದ 1512ರವರೆಗೆ ಫ್ಲಾರೆನ್ಸ್ ಗಣರಾಜ್ಯದಲ್ಲಿ ದೊಡ್ಡ ಅಧಿಕಾರಿ. ರಾಜರು, ಪೋಪ್, ಸೇನಾನಾಯಕರು, ಎಲ್ಲರನ್ನೂ ಹತ್ತಿರದಿಂದ ನೋಡಿದ. 1512ರಲ್ಲಿ, ಹಿಂದೆ ಊರನ್ನು ಆಳುತ್ತಿದ್ದ ಮೆದಿಚಿ ಮನೆತನ ವಾಪಸ್ ಬಂತು, ಕೆಲಸ ಹೋಯಿತು. 1513ರಲ್ಲಿ ಪಿತೂರಿಯ ಅನುಮಾನದ ಮೇಲೆ ಜೈಲಿಗೆ ಹಾಕಿ, ಕೈಗಳನ್ನು ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ಮೇಲೆಳೆದು ಬೀಳಿಸುವ ಚಿತ್ರಹಿಂಸೆ ಕೊಟ್ಟರು. ಬಿಡುಗಡೆಯಾದ ಮೇಲೆ ಊರಾಚೆಯ ತೋಟದ ಮನೆಯಲ್ಲಿ ಕೂತು ‘ಪ್ರಿನ್ಸ್’ ಬರೆದ. ಆ ವರ್ಷ ಡಿಸೆಂಬರ್ 10ರಂದು ಗೆಳೆಯ ವೆತ್ತೋರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ: ಸಂಜೆ ಮನೆಗೆ ಬಂದು, ಕೆಸರು ಮೆತ್ತಿದ ಬಟ್ಟೆ ಬಾಗಿಲಲ್ಲೇ ಕಳಚಿ, ದರ್ಬಾರಿಗೆ ಹೋಗುವ ಬಟ್ಟೆ ತೊಟ್ಟು, ಪ್ರಾಚೀನರ ಆಸ್ಥಾನಕ್ಕೆ ಹೋಗುತ್ತೇನೆ, ನಾಲ್ಕು ಗಂಟೆ ಹೊತ್ತು ಅವರ ಜೊತೆ ಮಾತಾಡುತ್ತೇನೆ.

ಅಲ್ಲಿ ಅವನನ್ನು ಕಾಡಿದ ಪ್ರಶ್ನೆ, ರಾಜ್ಯ ಹೇಗೆ ಕೈಗೆ ಬರುತ್ತದೆ, ಹೇಗೆ ಕೈತಪ್ಪುತ್ತದೆ ಅನ್ನುವುದು. ಅವನ ಉತ್ತರದಲ್ಲಿ ಎರಡೇ ಎರಡು ದೊಡ್ಡ ಶಕ್ತಿಗಳಿವೆ. ಒಂದು ವಿರ್ತೂ. ಇನ್ನೊಂದು ಫೊರ್ತೂನ, ಅಂದರೆ ಅದೃಷ್ಟ, ಕಾಲದ ಆಟ.

ಇಂಗ್ಲಿಷ್‌ನಲ್ಲಿ ಅದೇ ಬೇರಿನ ‘ವರ್ಚ್ಯೂ’ ಇದೆಯಲ್ಲ. ಹಾಕಿದರೆ ಆಯ್ತಲ್ವಾ?

1640ರಲ್ಲಿ ಆಗುತ್ತಿತ್ತು. ಆಗ ಎಡ್ವರ್ಡ್ ಡೇಕರ್ಸ್ ‘ಪ್ರಿನ್ಸ್’ನ ಮೊದಲ ಅಚ್ಚಾದ ಇಂಗ್ಲಿಷ್ ಅನುವಾದ ತಂದ. ಅವನ ಕಾಲದ ವರ್ಚ್ಯೂ ಇವತ್ತಿನ ಹಾಗೆ ಬಡಕಲಾಗಿರಲಿಲ್ಲ. ಹಳೆಯ ಇಂಗ್ಲಿಷ್ ಕವಿ ಚಾಸರ್‌ನ ‘ಕ್ಯಾಂಟರ್‌ಬರಿ ಟೇಲ್ಸ್’ ಶುರುವಾಗುವುದೇ ವಸಂತದ ಮಳೆಯ ವರ್ಚ್ಯೂವಿನಿಂದ ಹೂ ಹುಟ್ಟುವ ಸಾಲುಗಳಿಂದ. ಅಲ್ಲಿ ಮಳೆಗೆ ನೀತಿ ಇದೆ ಅಂತಲ್ಲ, ಶಕ್ತಿ ಇದೆ ಅಂತ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಕಾಯಿಲೆಯ ಹೆಂಗಸು ಯೇಸುವಿನ ಬಟ್ಟೆ ಮುಟ್ಟಿದಾಗ ಅವನಿಂದ ವರ್ಚ್ಯೂ ಹೊರಟುಹೋಯಿತು ಅಂತ ಬರೆದಿದೆ. ಅದೂ ಶಕ್ತಿಯೇ, ಗ್ರೀಕ್ ಮೂಲದಲ್ಲಿ ‘ದುನಾಮಿಸ್’ ಅಂತಿದೆ.

ನಂತರದ ಶತಮಾನಗಳಲ್ಲಿ ಪದ ಕುಗ್ಗುತ್ತಾ ಬಂತು. ಬರೀ ಒಳ್ಳೆಯ ನಡತೆ ಅಂತಾಯಿತು. ಹೆಂಗಸಿನ ವಿಷಯದಲ್ಲಂತೂ ಶೀಲ ಎಂಬ ಒಂದೇ ಅರ್ಥಕ್ಕೆ ಬಂದು ನಿಂತಿತು. ಗಂಡಸಿನ ಕೆಚ್ಚಿನಿಂದ ಹೊರಟ ಪದ ಹೆಣ್ಣಿನ ಶೀಲದಲ್ಲಿ ಬಂದು ಕೂತಿತು ಅಂದರೆ ಎಷ್ಟು ದೂರ ನಡೆದಿದೆ ನೋಡಿ. ಹಳೆಯ ಅರ್ಥ ಈಗ ಉಳಿದಿರುವುದು ‘ಬೈ ವರ್ಚ್ಯೂ ಆಫ್’ ಎಂಬ ಕಚೇರಿಯ ಭಾಷೆಯಲ್ಲಿ.

ಹಾಗಾಗಿ 20ನೇ ಶತಮಾನದ ಅನುವಾದಕನ ಮುಂದೆ ಕಷ್ಟದ ಆಯ್ಕೆ ಬಂತು. ವರ್ಚ್ಯೂ ಅಂತ ಹಾಕಿದರೆ ಓದುಗ ಸಭ್ಯತೆ ಅಂತ ತಿಳಿದುಕೊಳ್ಳುತ್ತಾನೆ. ಬೇರೆ ಪದ ಹಾಕಿದರೆ ಬೇರು ಕಡಿಯುತ್ತದೆ.

ಇಟಾಲಿಯನ್ನರಿಗೆ ಈ ತೊಂದರೆ ಇಲ್ವಾ?

ಅವರಿಗೂ ಇದೆ. ಇವತ್ತಿನ ಇಟಾಲಿಯನ್‌ನಲ್ಲೂ ವಿರ್ತೂ ಅಂದರೆ ಮೊದಲು ಹೊಳೆಯುವುದು ಒಳ್ಳೆಯ ಗುಣವೇ. ಆದರೆ ಪುಟದ ಮೇಲೆ ಅದೇ ಅಕ್ಷರಗಳು ಕಾಣುತ್ತವೆ. ಅವರು ಎಡವುತ್ತಾರೆ, ಆದರೆ ಎಡವಿದ್ದು ಅವರಿಗೇ ಗೊತ್ತಾಗುತ್ತದೆ. ಇಂಗ್ಲಿಷ್ ಓದುಗನಿಗೆ ಆ ಕಲ್ಲನ್ನೇ ದಾರಿಯಿಂದ ತೆಗೆದುಬಿಟ್ಟಿರುತ್ತಾರೆ.

ಅನುವಾದಕರು ಏನೇನು ಮಾಡಿದ್ದಾರೆ?

ಸ್ಥೂಲವಾಗಿ ನಾಲ್ಕು ದಾರಿ. ಸಂದರ್ಭ ನೋಡಿ ಒಂದೊಂದು ಕಡೆ ಒಂದೊಂದು ಪದ ಹಾಕುವುದು ಮೊದಲನೆಯದು. 1908ರ ಡಬ್ಲ್ಯೂ. ಕೆ. ಮ್ಯಾರಿಯಟ್ ಅನುವಾದ ಇದಕ್ಕೆ ಒಳ್ಳೆಯ ಮಾದರಿ. ಕೇಂಬ್ರಿಡ್ಜ್ 1988ರಲ್ಲಿ ತಂದ ಆವೃತ್ತಿಗೆ ಅನುವಾದ ಮಾಡಿದ ರಸೆಲ್ ಪ್ರೈಸ್ ಕೂಡ ಇದೇ ದಾರಿ ಹಿಡಿದವರು. ಆದರೆ ಅವರು ಪುಸ್ತಕದ ಕೊನೆಗೆ ಮ್ಯಾಕಿಯವೆಲ್ಲಿಯ ಪದಗಳ ಬಗ್ಗೆ ಟಿಪ್ಪಣಿ ಸೇರಿಸಿ, ವಿರ್ತೂ ಎಷ್ಟು ಅರ್ಥದಲ್ಲಿ ಬರುತ್ತದೆ ಅಂತ ಬಿಡಿಸಿ ಹೇಳಿದ್ದಾರೆ. ಅದು ಪ್ರಾಮಾಣಿಕ ಕೆಲಸ.

ಎರಡನೆಯದು, ಆದಷ್ಟೂ ಒಂದು ಹೊಸ ಇಂಗ್ಲಿಷ್ ಪದಕ್ಕೆ ಅಂಟಿಕೊಳ್ಳುವುದು. 1961ರ ಪೆಂಗ್ವಿನ್ ಅನುವಾದದಲ್ಲಿ ಜಾರ್ಜ್ ಬುಲ್ ಹೆಚ್ಚಾಗಿ ‘ಪ್ರೊವೆಸ್’ ಬಳಸಿದರು. ಪರಾಕ್ರಮ ಅಂತ ಅರ್ಥ. ಕಿವಿಗೆ ಚೆನ್ನಾಗಿದೆ. ಯೋಧನ ಪದರಕ್ಕೆ ಹೊಂದುತ್ತದೆ, ಚರ್ಚಿನ ಪದರಕ್ಕೆ ಹೊಂದುವುದಿಲ್ಲ.

ಮೂರನೆಯದು, ಏನೇ ಆಗಲಿ ಎಲ್ಲ ಕಡೆ ವರ್ಚ್ಯೂ ಅಂತಲೇ ಇಡುವುದು. 1985ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂದ ಹಾರ್ವಿ ಮ್ಯಾನ್ಸ್‌ಫೀಲ್ಡ್ ಅನುವಾದ ಇದನ್ನು ಹಟ ಹಿಡಿದು ಮಾಡಿತು.

ಅನುವಾದ ಮಾಡದೆ ಇಟಾಲಿಯನ್ ಪದವನ್ನೇ ಓರೆ ಅಕ್ಷರದಲ್ಲಿ ಬಿಡುವುದು ನಾಲ್ಕನೆಯ ದಾರಿ.

ಪದ ಬದಲಾದರೆ ಏನಾಗುತ್ತದೆ ಅಂತ ಒಂದು ಜಾಗ ತೋರಿಸಿ.

ಎಂಟನೇ ಅಧ್ಯಾಯಕ್ಕೆ ಬನ್ನಿ. ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೊದಲು ಅಧ್ಯಾಯಗಳ ಸಾಲು ಗಮನಿಸಿ. ಆರನೆಯದು, ಸ್ವಂತ ಸೈನ್ಯ ಮತ್ತು ವಿರ್ತೂವಿನಿಂದ ಗೆದ್ದ ಹೊಸ ರಾಜ್ಯಗಳ ಬಗ್ಗೆ. ಏಳನೆಯದು, ಬೇರೆಯವರ ಸೈನ್ಯ ಮತ್ತು ಫೊರ್ತೂನದಿಂದ ಗೆದ್ದವುಗಳ ಬಗ್ಗೆ. ಎಂಟನೆಯದು, ಪಾತಕದಿಂದ ಗದ್ದುಗೆ ಏರಿದವರ ಬಗ್ಗೆ. ಅಂದರೆ ತಲೆಬರಹದ ಪ್ರಕಾರ ಇಲ್ಲಿ ವಿರ್ತೂವಿಗೆ ಕೆಲಸವೇ ಇರಬಾರದು.

ಇಲ್ಲಿನ ಕಥಾನಾಯಕ ಸಿಸಿಲಿಯ ಅಗಾಥಕ್ಲೀಸ್. ಕುಂಬಾರನ ಮಗ. ಸೈನ್ಯಕ್ಕೆ ಸೇರಿ, ಮೆಟ್ಟಿಲು ಮೆಟ್ಟಿಲು ಏರಿ ಸಿರಕ್ಯೂಸ್ ಪಟ್ಟಣದ ದೊಡ್ಡ ಹುದ್ದೆಗೆ ಬಂದ. ಒಂದು ಬೆಳಗ್ಗೆ, ರಾಜ್ಯದ ವಿಷಯ ಚರ್ಚೆ ಮಾಡೋಣ ಅಂತ ಸೆನೆಟ್ಟನ್ನೂ ಜನರನ್ನೂ ಕರೆಸಿದ. ಸನ್ನೆ ಮಾಡಿದ ಕೂಡಲೇ ಅವನ ಸೈನಿಕರು ಸೆನೆಟರುಗಳನ್ನೂ ಊರಿನ ದೊಡ್ಡ ಶ್ರೀಮಂತರನ್ನೂ ಕೊಂದು ಹಾಕಿದರು. ಆಮೇಲೆ ಅವನ ವಿರುದ್ಧ ಊರಿನಲ್ಲಿ ಯಾರೂ ಏಳಲಿಲ್ಲ. ಆಫ್ರಿಕಾದ ಕಾರ್ತೇಜಿನವರು ಮುತ್ತಿಗೆ ಹಾಕಿದಾಗ, ಸ್ವಲ್ಪ ಸೈನ್ಯ ಊರು ಕಾಯಲು ಬಿಟ್ಟು, ಉಳಿದವರನ್ನು ಕರೆದುಕೊಂಡು ಸೀದಾ ಆಫ್ರಿಕಾಕ್ಕೇ ನುಗ್ಗಿದ. ಮುತ್ತಿಗೆ ಹಾಕಿದವರೇ ರಾಜಿಗೆ ಬರಬೇಕಾಯಿತು.

ಈಗ ಮಾತು ಕೇಳಿ. ಅವನು ಪಾತಕಗಳ ಜೊತೆಗೆ ಮನಸ್ಸಿನ, ಮೈಯ ಎಷ್ಟೋ ವಿರ್ತೂ ತೋರಿಸಿದ ಅಂತ ಮ್ಯಾಕಿಯವೆಲ್ಲಿ ಶುರುವಿಗೇ ಹೇಳುತ್ತಾನೆ. ಆಮೇಲೆ ಹೇಳುತ್ತಾನೆ, ತನ್ನ ಊರಿನವರನ್ನು ಕೊಲ್ಲುವುದು, ಗೆಳೆಯರಿಗೆ ದ್ರೋಹ ಮಾಡುವುದು, ನಂಬಿಕೆ, ಕರುಣೆ, ಧರ್ಮ ಯಾವುದೂ ಇಲ್ಲದೆ ಇರುವುದು, ಇದನ್ನು ವಿರ್ತೂ ಅಂತ ಕರೆಯಲಾಗದು, ಇದರಿಂದ ಅಧಿಕಾರ ಸಿಗಬಹುದು, ಕೀರ್ತಿ ಸಿಗದು. ಸರಿ, ತೀರ್ಪು ಬಂತು ಅಂದುಕೊಳ್ಳುತ್ತೀರಿ. ಮುಂದಿನ ವಾಕ್ಯವೇ ಹೀಗೆ ಶುರುವಾಗುತ್ತದೆ: ಅಪಾಯದೊಳಗೆ ನುಗ್ಗುವುದರಲ್ಲಿ, ಅದರಿಂದ ಪಾರಾಗುವುದರಲ್ಲಿ ಅಗಾಥಕ್ಲೀಸನ ವಿರ್ತೂವನ್ನು ನೋಡಿದರೆ, ಅವನು ಯಾವ ಶ್ರೇಷ್ಠ ಸೇನಾನಿಗೂ ಕಡಿಮೆಯಲ್ಲ. ಕೊನೆಗೆ ಮತ್ತೆ ತಿರುಗುತ್ತಾನೆ: ಅವನು ಸಾಧಿಸಿದ್ದನ್ನು ಫೊರ್ತೂನದ ಲೆಕ್ಕಕ್ಕೂ ಹಾಕಲಾಗದು, ವಿರ್ತೂವಿನ ಲೆಕ್ಕಕ್ಕೂ ಹಾಕಲಾಗದು.

ಇದೆ, ಕರೆಯಲಾಗದು, ಇದೆ, ಲೆಕ್ಕಕ್ಕಿಲ್ಲ. ಓದಿದವರು ಬೆಚ್ಚಿ ಹಿಂದಿನ ಸಾಲಿಗೆ ಹೋಗಿ ಮತ್ತೊಮ್ಮೆ ಓದಲೇಬೇಕು.

ಮ್ಯಾರಿಯಟ್ ಅನುವಾದದಲ್ಲಿ ಇದೇ ಜಾಗ ನೋಡಿ. ಮೊದಲನೆಯದು ‘ಎಬಿಲಿಟಿ’. ಎರಡನೆಯದು ‘ಟ್ಯಾಲೆಂಟ್’. ಮೂರನೆಯದು ‘ಕರೇಜ್’. ಕೊನೆಯದು ‘ಜೀನಿಯಸ್’. ನಾಲ್ಕು ಜಾಗ, ನಾಲ್ಕು ಪದ. ಊರಿನವರನ್ನು ಕೊಲ್ಲುವುದು ಟ್ಯಾಲೆಂಟ್ ಅಲ್ಲ, ಆದರೆ ಅವನಿಗೆ ಕರೇಜ್ ಇತ್ತು. ಇದರಲ್ಲಿ ಯಾವ ವಿರೋಧವೂ ಇಲ್ಲ, ಯಾರಾದರೂ ಹೇಳಬಹುದಾದ ಮಾತು. ಓದುಗ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಮ್ಯಾಕಿಯವೆಲ್ಲಿ ಬೇಕೆಂದೇ ಒಡ್ಡಿದ ಪ್ರಶ್ನೆ ಅಲ್ಲೇ ಮಾಯ.

ಹಾಗಾದರೆ ಅಗಾಥಕ್ಲೀಸನಿಗೆ ವಿರ್ತೂ ಇತ್ತೋ ಇಲ್ಲವೋ?

ಇದರ ಮೇಲೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಮ್ಯಾಕಿಯವೆಲ್ಲಿಗೂ ನೀತಿಯ ಒಂದು ಗೆರೆ ಇತ್ತು, ಇಲ್ಲಿ ಅದನ್ನು ಎಳೆದಿದ್ದಾನೆ ಅಂತ ಕೆಲವರು. ಗೆರೆ ಎಳೆದ ಹಾಗೆ ಮಾಡಿ ಮರುಕ್ಷಣವೇ ಅಳಿಸಿದ್ದಾನೆ ಅಂತ ಇನ್ನು ಕೆಲವರು.

ನನಗೆ ಮುಖ್ಯ ಅನ್ನಿಸುವುದು ‘ಕರೆಯಲಾಗದು’ ಎಂಬ ಕ್ರಿಯಾಪದ. ಇಲ್ಲ ಅಂತ ಅವನು ಹೇಳಲಿಲ್ಲ, ಆ ಹೆಸರಿಟ್ಟು ಕರೆಯಲಾಗದು ಅಂದ. ಕಸುವು ಇತ್ತು ಅಂತ ಒಪ್ಪಿಕೊಂಡ, ಗೌರವದ ಹೆಸರನ್ನು ಕೊಡಲಿಲ್ಲ. ಕೀರ್ತಿ ಬೇರೆ, ಅಧಿಕಾರ ಬೇರೆ ಅಂದದ್ದೂ ಅದಕ್ಕೇ. ನೀವು ಬೇರೆ ತೀರ್ಮಾನಕ್ಕೆ ಬರಬಹುದು. ಆದರೆ ಯಾವ ತೀರ್ಮಾನಕ್ಕೆ ಬರಬೇಕಾದರೂ, ಒಂದೇ ಪದ ನಾಲ್ಕು ಸಲ ಬಂದಿದೆ ಅನ್ನುವುದು ಮೊದಲು ಕಣ್ಣಿಗೆ ಬೀಳಬೇಕಲ್ವಾ?

ಬಿಲ್ಲಿಗೂ ವಿರ್ತೂ ಇದೆ ಅಂತ ಕೇಳಿದ್ದೆ. ನಿಜವಾ?

ನಿಜ. ಆರನೇ ಅಧ್ಯಾಯದಲ್ಲಿ ಮೋಸೆಸ್, ಸೈರಸ್, ರೋಮ್ಯುಲಸ್, ಥೀಸಿಯಸ್ ಎಂಬ ದೊಡ್ಡವರ ಹೆಸರು ಹೇಳುವ ಮುಂಚೆ ಅವನು ಬಿಲ್ಲುಗಾರರ ಮಾತು ತರುತ್ತಾನೆ. ಗುರಿ ತುಂಬ ದೂರ ಇದ್ದಾಗ ಜಾಣ ಬಿಲ್ಲುಗಾರ ತನ್ನ ಬಿಲ್ಲಿನ ವಿರ್ತೂ ಎಲ್ಲಿಯವರೆಗೆ ಅಂತ ತಿಳಿದು, ಗುರಿಗಿಂತ ಬಹಳ ಮೇಲಕ್ಕೆ ಬಾಣ ಹಿಡಿಯುತ್ತಾನೆ. ಅಷ್ಟು ಎತ್ತರಕ್ಕೆ ಮುಟ್ಟಿಸಬೇಕು ಅಂತಲ್ಲ, ಆ ಎತ್ತರದ ನೆರವಿನಿಂದ ಗುರಿ ಮುಟ್ಟಲಿ ಅಂತ.

ಇದು ಗ್ರೀಕರ ಅರೆತೆಯ ಪದರ, ವಸ್ತುವಿಗೂ ಅದರದೇ ಒಂದು ಕಸುವು ಇರುತ್ತದೆ ಎಂಬ ಮಾತು. ಮ್ಯಾರಿಯಟ್ ಇಲ್ಲಿ ‘ಸ್ಟ್ರೆಂತ್’ ಅಂತ ಹಾಕಿದರು. ತಪ್ಪೇನಿಲ್ಲ. ಆದರೆ ಮೋಸೆಸ್‌ಗೂ ಬಿಲ್ಲಿಗೂ ಒಂದೇ ಪದ ಬಳಸಿದ್ದು ಕಾಣುವುದಿಲ್ಲ. ಪ್ರವಾದಿಯ ದೊಡ್ಡತನವನ್ನು ಬಿಲ್ಲಿನ ಸೆಳೆತದ ಪಕ್ಕದಲ್ಲಿ ಇಟ್ಟು ಅಳೆದದ್ದು ಸಣ್ಣ ಮಾತಲ್ಲ.

ಒಳ್ಳೆಯತನ ಎಂಬ ಅರ್ಥದಲ್ಲಿ ವಿರ್ತೂ ಎಲ್ಲೂ ಬರುವುದೇ ಇಲ್ವಾ?

ಬರುತ್ತದೆ. ಹದಿನೈದನೇ ಅಧ್ಯಾಯದ ಕೊನೆಯ ಸಾಲುಗಳಲ್ಲಿ ನೋಡಿ. ವಿರ್ತೂ ಅಂತ ಕಾಣುವ ಒಂದರ ಹಿಂದೆ ಹೋದರೆ ಅರಸನಿಗೆ ನಾಶ ಬರಬಹುದು, ದುರ್ಗುಣ ಅಂತ ಕಾಣುವ ಇನ್ನೊಂದರ ಹಿಂದೆ ಹೋದರೆ ಅವನಿಗೆ ಭದ್ರತೆ, ಕ್ಷೇಮ ಸಿಗಬಹುದು ಅನ್ನುತ್ತಾನೆ. ಇಲ್ಲಿ ವಿರ್ತೂವಿನ ಎದುರು ನಿಂತಿರುವುದು ದುರ್ಗುಣ. ಹಾಗಾಗಿ ಇದು ಸದ್ಗುಣವೇ. ಇಲ್ಲಿ ಮ್ಯಾರಿಯಟ್ ಕೂಡ ವರ್ಚ್ಯೂ ಅಂತಲೇ ಬರೆದಿದ್ದಾರೆ.

ನನ್ನ ತಕರಾರು ಇಲ್ಲೇ. ಒಳ್ಳೆಯ ಅರ್ಥ ಬಂದಾಗ ಮಾತ್ರ ವರ್ಚ್ಯೂ, ಉಳಿದ ಕಡೆ ಬೇರೆ ಪದ ಅಂತ ಹಂಚಿದರೆ, ಎರಡು ಬೇರೆ ಬೇರೆ ವಿಷಯಗಳಿವೆ ಅಂತ ಓದುಗ ತಿಳಿದುಕೊಳ್ಳುತ್ತಾನೆ. ಒಂದು ನೀತಿ, ಇನ್ನೊಂದು ಸಾಮರ್ಥ್ಯ. ಮ್ಯಾಕಿಯವೆಲ್ಲಿ ಆ ಎರಡನ್ನೂ ಒಂದೇ ಪದದಲ್ಲಿ ಇಟ್ಟು, ಜನ ಇಲ್ಲಿಯವರೆಗೆ ಒಳ್ಳೆಯದು ಅಂತ ಕರೆದದ್ದು ನಿಜಕ್ಕೂ ಒಳ್ಳೆಯದಾ ಅಂತ ಕೇಳುತ್ತಿದ್ದಾನೆ. ಪದ ಹಂಚಿದರೆ ಅವನ ಪ್ರಶ್ನೆಗೆ ಅನುವಾದಕನೇ ಉತ್ತರ ಕೊಟ್ಟ ಹಾಗಾಯಿತು.

ಹದಿನೇಳನೇ ಅಧ್ಯಾಯದ ಹ್ಯಾನಿಬಲ್ ಇನ್ನೂ ಜಟಿಲ. ಬೇರೆ ಬೇರೆ ಜನಾಂಗದ ದೊಡ್ಡ ಸೈನ್ಯ ಕಟ್ಟಿಕೊಂಡು ಪರದೇಶದಲ್ಲಿ ಯುದ್ಧ ಮಾಡಿದರೂ ಅವನ ಪಾಳೆಯದಲ್ಲಿ ಜಗಳ ಏಳಲಿಲ್ಲ. ಕಾರಣ ಅವನ ಅಮಾನುಷ ಕ್ರೌರ್ಯ ಮತ್ತು ಅದರ ಜೊತೆಗಿದ್ದ ಲೆಕ್ಕವಿಲ್ಲದಷ್ಟು ವಿರ್ತೂ. ಏಕವಚನ, ಬಹುವಚನ ಒಂದೇ ಥರ ಅಂತ ಮೊದಲೇ ಹೇಳಿದ್ದೆನಲ್ಲ, ಇಲ್ಲಿ ಬಹುವಚನ. ಗುಣಗಳ ಪಟ್ಟಿಯಲ್ಲಿ ಕ್ರೌರ್ಯ ಪಕ್ಕದಲ್ಲೇ ನಿಂತಿದೆ. ಬರೀ ಆ ವಿರ್ತೂಗಳಿಂದ ಕೆಲಸ ಆಗುತ್ತಿರಲಿಲ್ಲ ಅಂತಲೂ ಅವನು ಸೇರಿಸುತ್ತಾನೆ. ಮ್ಯಾರಿಯಟ್ ಹಾಗೆ ‘ಬೌಂಡ್‌ಲೆಸ್ ವೇಲರ್’ ಅಂತ ಏಕವಚನದಲ್ಲಿ ಅನುವಾದ ಮಾಡಿದಾಗ ಅದು ಬರೀ ಶೌರ್ಯದ ಹೊಗಳಿಕೆಯಾಗಿ ಹೋಗುತ್ತದೆ.

ಫೊರ್ತೂನಕ್ಕೂ ವಿರ್ತೂವಿಗೂ ಏನು ಸಂಬಂಧ?

ಇಪ್ಪತ್ತೈದನೇ ಅಧ್ಯಾಯದಲ್ಲಿ ಫೊರ್ತೂನ ಉಕ್ಕಿ ಹರಿಯುವ ನದಿ. ಪ್ರವಾಹ ಬಂದಾಗ ಬಯಲು ಮುಳುಗುತ್ತದೆ, ಮರ, ಮನೆ ಕಿತ್ತುಹೋಗುತ್ತವೆ, ಎಲ್ಲರೂ ಓಡುತ್ತಾರೆ. ಆದರೆ ನೀರು ಇಳಿದಾಗ ಒಡ್ಡು ಕಟ್ಟಿ, ಕಾಲುವೆ ತೋಡಿ ಇಟ್ಟರೆ ಮುಂದಿನ ಸಲ ಅಷ್ಟು ಹಾನಿ ಆಗದು. ಎದುರಿಸಲು ವಿರ್ತೂ ಸಜ್ಜಾಗಿಲ್ಲದ ಕಡೆಯೇ ಫೊರ್ತೂನ ತನ್ನ ಬಲ ತೋರಿಸುತ್ತಾಳೆ.

ನದಿಯ ಮಾತು ಅವನಿಗೆ ಬರೀ ಪುಸ್ತಕದಿಂದ ಬಂದದ್ದಲ್ಲ. 1504ರಲ್ಲಿ ಪೀಸಾ ಪಟ್ಟಣವನ್ನು ಮಣಿಸಲು ಆರ್ನೊ ನದಿಯನ್ನೇ ಬೇರೆ ಕಡೆ ತಿರುಗಿಸಲು ಫ್ಲಾರೆನ್ಸ್ ಹೊರಟಿತ್ತು. ಲಿಯೊನಾರ್ಡೊ ಡಾ ವಿಂಚಿಯ ಸಲಹೆಯೂ ಅದರಲ್ಲಿತ್ತು. ಕಚೇರಿಯಿಂದ ಅದರ ಪತ್ರವ್ಯವಹಾರ ನೋಡಿಕೊಂಡವರಲ್ಲಿ ಮ್ಯಾಕಿಯವೆಲ್ಲಿ ಒಬ್ಬ. ಕೆಲಸ ಕೆಟ್ಟುಹೋಯಿತು.

ನದಿಯ ಮಾತಿನಲ್ಲಿರುವ ವಿರ್ತೂ ಮುನ್ನುಗ್ಗುವ ಧೈರ್ಯ ಅಲ್ಲ ಅನ್ನುವುದನ್ನು ನೋಡಿ. ಬಿಸಿಲಿದ್ದಾಗ ಮಣ್ಣು ಹೊತ್ತು ಒಡ್ಡು ಕಟ್ಟುವ ದೂರದೃಷ್ಟಿ. ಮ್ಯಾರಿಯಟ್ ಇಲ್ಲೂ ‘ವೇಲರ್’ ಬಳಸಿದರು. ಕಾಲುವೆ ತೋಡಲು ಶೌರ್ಯ ಯಾಕೆ?

ಪದದಲ್ಲೇ ಗಂಡಸುತನ ಇದೆಯಲ್ಲ, ಅದು ಅನುವಾದದಲ್ಲಿ ಬರಬೇಕಾ?

ಬಂದರೆ ಒಳ್ಳೆಯದು, ಯಾಕಂದರೆ ಬರಹಗಾರ ಅದನ್ನು ಬಳಸಿಕೊಂಡಿದ್ದಾನೆ. ಅದೇ ಅಧ್ಯಾಯದ ಕೊನೆಯಲ್ಲಿ ಫೊರ್ತೂನ ಹೆಂಗಸು, ಅವಳನ್ನು ಹದ್ದಿನಲ್ಲಿಡಲು ಹೊಡೆದು ಬಡಿದು ಮಾಡಬೇಕು ಅನ್ನುತ್ತಾನೆ. ಓದಲು ಹೇಸಿಗೆಯಾಗುವ ಸಾಲು. ಅದನ್ನು ನಯ ಮಾಡುವುದು ಅನುವಾದಕನ ಕೆಲಸ ಅಲ್ಲ. ವಿರ್ ಮತ್ತು ಹೆಣ್ಣು ಎಂಬ ಎದುರುಬದುರು ಅವನ ಮನಸ್ಸಿನಲ್ಲಿ ಎಷ್ಟು ಆಳಕ್ಕಿತ್ತು ಅಂತ ಓದುಗರಿಗೆ ಗೊತ್ತಾಗಲಿ. ಇಂಗ್ಲಿಷ್ ವರ್ಚ್ಯೂ ಈ ಅರ್ಥವನ್ನು ಪೂರ್ತಿ ಕಳೆದುಕೊಂಡಿದೆ. ಇದಕ್ಕೆ ಮುನ್ನುಡಿಯಲ್ಲಿ ಒಂದು ಮಾತು ಬರೆಯದೆ ಬೇರೆ ದಾರಿ ಇಲ್ಲ.

ಅನುವಾದ ಮಾಡದೆ ವಿರ್ತೂ ಅಂತಲೇ ಬಿಟ್ಟರೆ ಆಗದಾ?

ಸುಲಭ ಅಂತ ಕಾಣುತ್ತದೆ, ನನಗೆ ಎರಡು ಕಾರಣಕ್ಕೆ ಒಪ್ಪಿಗೆಯಿಲ್ಲ. ಮೊದಲನೆಯದು, ಇದು ಮ್ಯಾಕಿಯವೆಲ್ಲಿ ಹೊಸದಾಗಿ ಕಂಡುಹಿಡಿದ ಪಾರಿಭಾಷಿಕ ಪದ ಅಂತ ಓದುಗ ನಂಬುತ್ತಾನೆ. ಅದು ಸುಳ್ಳು. ಅವನ ಕಾಲದ ಫ್ಲಾರೆನ್ಸ್‌ನಲ್ಲಿ ಪಾದ್ರಿ ಪ್ರವಚನದಲ್ಲಿ ಬಳಸುತ್ತಿದ್ದ ಪದವೇ ಇದು. ಅವನು ಆ ಎಲ್ಲರ ಬಾಯಿಯ ಪದವನ್ನೇ ಎತ್ತಿಕೊಂಡು ತಿರುಗಿಸಿದ ಅನ್ನುವುದರಲ್ಲೇ ಪೆಟ್ಟು ಇರುವುದು.

ಎರಡನೆಯದು, ಇಂಗ್ಲಿಷ್‌ನಲ್ಲಿ ‘ವರ್ಟು’ ಎಂಬ ಪದ ಆಗಲೇ ಇದೆ, ಹಳೆಯ ಕಲಾವಸ್ತುಗಳ ಅಭಿರುಚಿ ಅಂತ ಅದರ ಅರ್ಥ. ಇಟಲಿಯಿಂದಲೇ ಹೋದದ್ದು. ಹಾಗೇ ಬಿಟ್ಟ ಪದವೂ ಖಾಲಿ ಕೈಯಲ್ಲಿ ಬರುವುದಿಲ್ಲ.

ವಿದ್ವಾಂಸರ ಲೇಖನದಲ್ಲಿ ಹಾಗೇ ಬಿಟ್ಟರೆ ಪರವಾಗಿಲ್ಲ. ಸಾಮಾನ್ಯ ಓದುಗರ ಪುಸ್ತಕದಲ್ಲಿ ಬೇಡ.

ಹಾಗಾದರೆ ನಿಮ್ಮ ಆಯ್ಕೆ ಯಾವುದು?

ಎಲ್ಲ ಕಡೆ ವರ್ಚ್ಯೂ. ಅಗಾಥಕ್ಲೀಸನಿಗೂ, ಬಿಲ್ಲಿಗೂ, ಹ್ಯಾನಿಬಲ್‌ಗೂ, ಒಡ್ಡಿಗೂ. ಇಂಗ್ಲಿಷ್ ಓದುಗನಿಗೆ ಮೊದಲ ಸಲ ವಿಚಿತ್ರ ಅನ್ನಿಸುತ್ತದೆ, ಅನ್ನಿಸಲಿ. ಕೊಲೆಗಾರನ ವರ್ಚ್ಯೂ ಅಂತ ಓದಿದಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳಬೇಕು. ಸಿಸೆರೊವಿನ ನೀತಿಗ್ರಂಥಗಳನ್ನು ಓದಿ ಬೆಳೆದ ಫ್ಲಾರೆನ್ಸ್‌ನ ಓದುಗನಿಗೂ ಹಾಗೇ ಆಗಿರಬೇಕು. ಸಿಸೆರೊ ಹೇಳಿದ್ದು, ಮೋಸ ನರಿಯದು, ಬಲ ಸಿಂಹದ್ದು, ಎರಡೂ ಮನುಷ್ಯನಿಗೆ ತಕ್ಕದ್ದಲ್ಲ. ಮ್ಯಾಕಿಯವೆಲ್ಲಿ ಹದಿನೆಂಟನೇ ಅಧ್ಯಾಯದಲ್ಲಿ ಅದೇ ನರಿ, ಅದೇ ಸಿಂಹವನ್ನು ತಂದು, ಅರಸ ಎರಡೂ ಆಗಬೇಕು ಅಂದ. ಹಳೆಯ ಮಾತನ್ನು ಹಾಗೇ ಉಳಿಸಿಕೊಂಡು ಅದರ ತಲೆ ಕೆಳಗೆ ಮಾಡುವುದು ಅವನ ರೀತಿ. ಅನುವಾದಕ ಹೊಸ ಪದ ಹಾಕಿದರೆ ತಲೆ ಕೆಳಗಾದದ್ದು ತಿಳಿಯುವುದೇ ಇಲ್ಲ.

ಇದಕ್ಕೂ ಬೆಲೆ ತೆರಬೇಕು. ಓದು ಸರಾಗವಾಗಿ ಸಾಗುವುದಿಲ್ಲ. ಕೆಲವು ವಾಕ್ಯ ನಿಜಕ್ಕೂ ಒರಟು. ಮ್ಯಾನ್ಸ್‌ಫೀಲ್ಡ್ ಅನುವಾದದ ಬಗ್ಗೆ ಇರುವ ದೂರು ಇದೇ, ದೂರಿನಲ್ಲಿ ಹುರುಳೂ ಇದೆ. ಬರೀ ಒಂದು ಸಂಜೆ ಕತೆಯ ಹಾಗೆ ಓದಿ ಮುಗಿಸಬೇಕು ಅನ್ನುವವರಿಗೆ ಬೇರೆ ಅನುವಾದವೇ ಹಿತ.

ಜರ್ಮನ್ನರು ಏನು ಮಾಡಿದರು?

ಅವರಿಗೆ ಅದೃಷ್ಟ ಇತ್ತು. ಸದ್ಗುಣಕ್ಕೆ ‘ಟುಗೆಂಟ್’, ಸಮರ್ಥತೆಗೆ ‘ಟ್ಯುಖ್ಟಿಶ್‌ಕೈಟ್’, ಎರಡೂ ಒಂದೇ ಬೇರಿನವು. ಜರ್ಮನ್ ತತ್ವಜ್ಞಾನಿ ನೀಚೆ 1888ರಲ್ಲಿ ಬರೆದ ‘ದಿ ಆಂಟಿಕ್ರೈಸ್ಟ್’ನಲ್ಲಿ ಎರಡನ್ನೂ ಪಕ್ಕ ಪಕ್ಕ ಇಟ್ಟು, ತನಗೆ ಬೇಕಾದದ್ದು ರಿನೈಸಾನ್ಸ್ ಶೈಲಿಯ ವಿರ್ತೂ, ನೀತಿಬೋಧೆಯ ಸೋಂಕಿಲ್ಲದ ಗುಣ ಅಂದ. ಇದನ್ನು ಓದಿದ ಮೇಲೆ ಬಹಳ ಜನ ಮ್ಯಾಕಿಯವೆಲ್ಲಿಯನ್ನೂ ನೀಚೆಯ ಕನ್ನಡಕದಲ್ಲೇ ನೋಡುತ್ತಾರೆ. ಅದು ಅತಿಯಾಯಿತು. ಹದಿನೈದನೇ ಅಧ್ಯಾಯದ ವಿರ್ತೂವಿನಲ್ಲಿ ನೀತಿ ಇದ್ದೇ ಇದೆ.

ವರ್ಚುಯೋಸೊ, ವರ್ಚುಯಲ್ ಕೂಡ ಇದೇ ಮನೆಯವಾ?

ಹೌದು, ಎರಡೂ. ಕೈಚಳಕದ ಸಂಗೀತಗಾರನಿಗೆ ವರ್ಚುಯೋಸೊ ಅನ್ನುವಾಗ ಯಾರೂ ಅವನ ನಡತೆ ವಿಚಾರಿಸುವುದಿಲ್ಲ. ಮ್ಯಾಕಿಯವೆಲ್ಲಿಯ ಅರ್ಥಕ್ಕೆ ಇಂಗ್ಲಿಷ್‌ನಲ್ಲಿ ಉಳಿದಿರುವ ಹತ್ತಿರದ ಸಂಬಂಧಿ ಬಹುಶಃ ಅದೇ.

‘ದಿಸ್ಕೋರ್ಸಿ’ಯಲ್ಲೂ ಅರ್ಥ ಇದೇನಾ?

ಅಲ್ಲಿ ಹರವು ಇನ್ನೂ ಜಾಸ್ತಿ. ಒಬ್ಬ ಅರಸನ ವಿರ್ತೂ ಅಷ್ಟೇ ಅಲ್ಲ, ಇಡೀ ಜನರ ವಿರ್ತೂ. ಒಳ್ಳೆಯ ಕಾನೂನು, ಒಳ್ಳೆಯ ಸೈನ್ಯ, ಊರಿಗಾಗಿ ಸ್ವಂತ ಲಾಭ ಬಿಡುವ ಮನಸ್ಸು. ಎರಡನೇ ಭಾಗದ ಶುರುವಿನಲ್ಲಿ ಈ ವಿರ್ತೂ ಅಸೀರಿಯಾದಿಂದ ಮೀಡಿಯಾ ರಾಜ್ಯಕ್ಕೆ, ಅಲ್ಲಿಂದ ಪರ್ಷಿಯಾಕ್ಕೆ, ಕೊನೆಗೆ ಇಟಲಿಗೆ, ರೋಮ್‌ಗೆ ಬಂತು ಅನ್ನುತ್ತಾನೆ. ರೋಮನ್ನರು ಸಾಮ್ರಾಜ್ಯ ಕಟ್ಟಿದ್ದು ಅದೃಷ್ಟದಿಂದ ಅಂದ ಗ್ರೀಕ್ ಬರಹಗಾರ ಪ್ಲುಟಾರ್ಕ್‌ಗೆ, ಅಲ್ಲ, ವಿರ್ತೂವಿನಿಂದ ಅಂತ ಎದುರು ಹೇಳುತ್ತಾನೆ. ಇಲ್ಲಿ ‘ಪ್ರೊವೆಸ್’, ‘ಟ್ಯಾಲೆಂಟ್’ ಯಾವುದೂ ಸಾಲದು. ‘ಪ್ರಿನ್ಸ್’ ಒಂದನ್ನೇ ಓದಿ ವಿರ್ತೂ ಅಂದರೆ ಗೂಂಡಾಗಿರಿಯ ಧೈರ್ಯ ಅಂದುಕೊಂಡವರು ಇದನ್ನೂ ಓದಬೇಕು.

ಕನ್ನಡದಲ್ಲಿ ಯಾವ ಪದ ಸರಿ?

ನನ್ನ ಮನಸ್ಸು ‘ಪೌರುಷ’ದ ಕಡೆಗಿದೆ. ಪುರುಷನಿಂದ ಪೌರುಷ, ವಿರ್‌ನಿಂದ ವಿರ್ತುಸ್. ದೈವ ದೊಡ್ಡದೋ ಪೌರುಷ ದೊಡ್ಡದೋ ಎಂಬ ವಾದ ಮಹಾಭಾರತದಿಂದಲೂ ನಮ್ಮಲ್ಲಿದೆ, ಫೊರ್ತೂನ ಮತ್ತು ವಿರ್ತೂ ಜೋಡಿಗೆ ಅದು ಚೆನ್ನಾಗಿ ಹೊಂದುತ್ತದೆ. ಕೊರತೆ ಏನೆಂದರೆ ಸದ್ಗುಣದ ಅರ್ಥ ಅದಕ್ಕಿಲ್ಲ, ಹದಿನೈದನೇ ಅಧ್ಯಾಯಕ್ಕೆ ಬಂದಾಗ ಸಿಕ್ಕಿಕೊಳ್ಳುತ್ತದೆ. ‘ಗುಣ’ ಅಂದರೆ ಬಿಲ್ಲಿಗೂ ಮದ್ದಿಗೂ ಮನುಷ್ಯನಿಗೂ ಆಗುತ್ತದೆ, ಆದರೆ ಅದರಲ್ಲಿ ಕೆಚ್ಚು ಇಲ್ಲ.

ನನಗೆ ಇಟಾಲಿಯನ್ ಬರಲ್ಲ. ನನ್ನ ಹತ್ತಿರ ಇರುವ ಅನುವಾದ ಯಾವ ದಾರಿಯದು ಅಂತ ಹೇಗೆ ತಿಳಿಯಲಿ?

ಮೊದಲು ಎಂಟನೇ ಅಧ್ಯಾಯದ ಆ ನಾಲ್ಕು ಜಾಗ ನೋಡಿ. ಒಂದೇ ಪದ ಇದೆಯಾ, ಬೇರೆ ಬೇರೆ ಇದೆಯಾ? ಆಮೇಲೆ ಆರನೇ ಅಧ್ಯಾಯದ ಬಿಲ್ಲು, ಹದಿನೇಳರ ಹ್ಯಾನಿಬಲ್, ಇಪ್ಪತ್ತೈದರ ನದಿ. ಅಷ್ಟರಲ್ಲಿ ಅನುವಾದಕರ ರೀತಿ ಗೊತ್ತಾಗಿಬಿಡುತ್ತದೆ. ಮುನ್ನುಡಿಯಲ್ಲಿ ಈ ಪದದ ಬಗ್ಗೆ ಏನು ಹೇಳಿದ್ದಾರೆ ಅಂತಲೂ ಓದಿ. ಏನೂ ಹೇಳದೆ ಪದ ಬದಲಿಸುತ್ತಾ ಹೋಗಿದ್ದರೆ ಹುಷಾರಾಗಿರಿ.

ಮ್ಯಾರಿಯಟ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಇಟಾಲಿಯನ್ ಮೂಲವೂ ಇಂಟರ್ನೆಟ್‌ನಲ್ಲಿ ಉಚಿತ. ಎರಡನ್ನೂ ಪಕ್ಕ ಪಕ್ಕ ತೆರೆದು, ಮೂಲದಲ್ಲಿ ವಿರ್ತೂ ಅಂತ ಹುಡುಕಿ. ಸಿಕ್ಕ ಪ್ರತಿ ಜಾಗಕ್ಕೆ ಇಂಗ್ಲಿಷ್ ಪುಟದಲ್ಲಿ ಗುರುತು ಹಾಕುತ್ತಾ ಬನ್ನಿ. ವ್ಯಾಕರಣ ಗೊತ್ತಿಲ್ಲದಿದ್ದರೂ ಇದು ಆಗುತ್ತದೆ, ಅಧ್ಯಾಯಗಳು ಚಿಕ್ಕವು. ‘ವಿರ್ತುವೋಸೊ’ ಎಂಬ ವಿಶೇಷಣ, ‘ವಿರ್ತುವೋಸಮೆಂತೆ’ ಎಂಬ ಕ್ರಿಯಾವಿಶೇಷಣ ಕಂಡರೆ ಅವಕ್ಕೂ ಗುರುತು ಹಾಕಿ. ಮೊದಲ ಹತ್ತು ಅಧ್ಯಾಯ ಹೀಗೆ ಮುಗಿಸಿದರೆ, ಉಳಿದದ್ದನ್ನು ಯಾವ ಅನುವಾದದಲ್ಲಿ ಓದಬೇಕು ಅಂತ ನೀವೇ ನಿರ್ಧರಿಸಬಹುದು.